ಊರಿಂದ ನೆಂಟರು ಬಂದಿದ್ದಾರೆ, ಬೆಂಗಳೂರಲ್ಲಿ ಎಲ್ಲಿಗೆ ಕರ್ಕೊಂಡು ಹೋಗೋದು?

ಬೆಂಗಳೂರಲ್ಲಿ ಮನೆ ಮಾಡಿದವರಿಗೆ ನೆಂಟರು ತಪ್ಪೋದಿಲ್ಲ. ಮದುವೆಗೆ ಬಂದವರು, ಆಸ್ಪತ್ರೆಗೆ ಬಂದವರು, ಮಗನ ಸೀಟು ನೋಡೋಕೆ ಬಂದವರು, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದವರು. ಎರಡನೇ ದಿನಕ್ಕೆ ಮನೆಯಲ್ಲಿ ಪ್ರಶ್ನೆ ಶುರುವಾಗುತ್ತದೆ: ಹೊರಗೆ ಎಲ್ಲಿ ಊಟ ಮಾಡಿಸೋದು? ಯಾರೋ ಫೋನ್ ತೆಗೆದು ಸ್ಟಾರ್ ಎಣಿಸುತ್ತಾರೆ. ಶನಿವಾರ ರಾತ್ರಿ ಎಲ್ಲರೂ ಒಂದು ಮಾಲ್‌ನ ಬಫೆಗೆ ಹೊರಡುತ್ತಾರೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತವೆ. ಅಲ್ಲಿ ತಿನ್ನೋದು ಪನೀರ್ ಟಿಕ್ಕಾ, ನೂಡಲ್ಸ್, ಗುಲಾಬ್ ಜಾಮೂನು. ಇದೇ ಊಟ ಶಿವಮೊಗ್ಗದಲ್ಲೂ ಸಿಗುತ್ತದೆ, ಇಂದೋರಿನಲ್ಲೂ ಸಿಗುತ್ತದೆ. ಬಂದವರಿಗೆ ನೆನಪಲ್ಲಿ ಉಳಿಯೋದು ಟ್ರಾಫಿಕ್ ಒಂದೇ.

ನನ್ನ ಸಲಹೆ ಇಷ್ಟೇ: ನೆಂಟರನ್ನು ರಾತ್ರಿ ಊಟಕ್ಕೆ ಕರ್ಕೊಂಡು ಹೋಗೋದು ಬಿಡಿ, ಬೆಳಗಿನ ತಿಂಡಿಗೆ ಕರ್ಕೊಂಡು ಹೋಗಿ. ಬೆಂಗಳೂರು ಮೂಲತಃ ತಿಂಡಿಯ ಊರು. ರಾತ್ರಿ ಊಟದಲ್ಲಿ ಮುಂಬೈ, ದಿಲ್ಲಿ, ಹೈದರಾಬಾದ್ ಜೊತೆ ನಾವು ಪೈಪೋಟಿಗೆ ಇಳಿಯಬೇಕಾಗುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನಮಗೆ ಪೈಪೋಟಿಯೇ ಇಲ್ಲ. ರಸ್ತೆ ಖಾಲಿ, ಗಾಳಿ ತಣ್ಣಗೆ, ಕಾವಲಿ ಬಿಸಿ. ಖರ್ಚೂ ಕಡಿಮೆ.

ಮೊದಲು ಹೊತ್ತು ಗೊತ್ತು ಮಾಡಿ

ಹೋಟೆಲ್ ಹೆಸರು ಆಮೇಲೆ. ಮೊದಲು ಕೇಳಿಕೊಳ್ಳಬೇಕಾದ್ದು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ ಹೊರಡುತ್ತೇವೆ ಅಂತ. ಹಳೇ ತಿಂಡಿ ಹೋಟೆಲ್‌ಗಳಿಗೆ ವಾರದ ದಿನ ಬೆಳಿಗ್ಗೆ ಹೋಗೋದು ಒಳ್ಳೇದು. ಭಾನುವಾರವೇ ಆಗಬೇಕು ಅಂದರೆ ಏಳೂವರೆಯೊಳಗೆ ಬಾಗಿಲಲ್ಲಿ ಇರಿ. ಒಂಬತ್ತಕ್ಕೆ ಹೋದರೆ ಹೊರಗೆ ನಿಂತು ಇಡೀ ಪೇಪರ್ ಓದಿ ಮುಗಿಸಬಹುದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಇರುವವರು ಬಸವನಗುಡಿ ದೂರ ಅಂತ ಕೈ ಬಿಡುತ್ತಾರೆ. ಮೆಟ್ರೋ ಬಂದ ಮೇಲೆ ಆ ನೆಪ ನಡೆಯೋದಿಲ್ಲ. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿದರೆ ನ್ಯಾಷನಲ್ ಕಾಲೇಜ್, ಲಾಲ್‌ಬಾಗ್ ನಿಲ್ದಾಣಗಳು ಸಿಗುತ್ತವೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಆಯಿತು, ಅಲ್ಲಿಂದ ಲಾಲ್‌ಬಾಗ್ ಮೂರನೇ ನಿಲ್ದಾಣ. ಊರಿಂದ ಬಂದ ಮಕ್ಕಳಿಗೆ ಮೆಟ್ರೋ ಹತ್ತಿದ್ದೇ ಅರ್ಧ ಪ್ರವಾಸ. ಆದರೆ ಭಾನುವಾರ ಮೊದಲ ರೈಲು ತಡವಾಗಿ ಹೊರಡುತ್ತದೆ. ಹಿಂದಿನ ರಾತ್ರಿಯೇ ಸಮಯ ನೋಡಿಟ್ಟುಕೊಳ್ಳಿ.

ಬಂದವರು ಯಾವ ಊರಿನವರು?

ಇಲ್ಲೇ ಜಾಸ್ತಿ ಜನ ಎಡವೋದು. ತಮಗೆ ಇಷ್ಟವಾದ ಹೋಟೆಲ್‌ಗೆ ಎಲ್ಲರನ್ನೂ ಕರ್ಕೊಂಡು ಹೋಗುತ್ತಾರೆ.

ದಾವಣಗೆರೆಯಿಂದ ಬಂದವರಿಗೆ ಬೆಂಗಳೂರಲ್ಲಿ ಬೆಣ್ಣೆ ದೋಸೆ ತಿನ್ನಿಸಬೇಡಿ. ದೋಸೆ ಎಷ್ಟೇ ಚೆನ್ನಾಗಿದ್ದರೂ ಅವರು ಒಂದು ತುಂಡು ಮುರಿದು, ಬಾಯಿಗೆ ಹಾಕಿ, 'ಪರವಾಗಿಲ್ಲ' ಅಂತಾರೆ. ಆ 'ಪರವಾಗಿಲ್ಲ'ದ ಅರ್ಥ ನಿಮಗೂ ಗೊತ್ತು, ಅವರಿಗೂ ಗೊತ್ತು. ಮೈಸೂರಿನವರ ಮುಂದೆ ಮೆತ್ತನೆ ದೋಸೆ ಇಟ್ಟರೂ ಅದೇ ಕಥೆ, ತಮ್ಮೂರಿನ ಮೈಲಾರಿ ಹೋಟೆಲ್ ದೋಸೆ ಜೊತೆ ಹೋಲಿಸದೆ ಅವರು ಏಳೋದಿಲ್ಲ. ಉಡುಪಿ, ಕುಂದಾಪುರದವರನ್ನು ಉಡುಪಿ ಹೋಟೆಲ್‌ಗೆ ಕರ್ಕೊಂಡು ಹೋಗಿ ಏನು ಸಿಗುತ್ತದೆ? ಹುಬ್ಬಳ್ಳಿಯವರಿಗೆ ಜೋಳದ ರೊಟ್ಟಿ ಊಟ ಹಾಕಿಸಿದರೆ ಅವರು ನಿಮ್ಮ ಮುಖ ನೋಡಿ ನಗುತ್ತಾರೆ.

ಕರಾವಳಿಯವರನ್ನು ಮಾಂಸಾಹಾರಿಗಳಾದರೆ ಮಿಲಿಟರಿ ಹೋಟೆಲ್‌ಗೆ ಕರೆಯಿರಿ. ದೊನ್ನೆ ಬಿರಿಯಾನಿ, ಮುದ್ದೆ, ಕಾಲು ಸೂಪು ಅವರ ಕಡೆ ಹೀಗೆ ಸಿಗೋದಿಲ್ಲ. ಹುಬ್ಬಳ್ಳಿ, ಬೆಳಗಾವಿಯವರಿಗೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಕಡೆ ಬಾಳೆ ಎಲೆಯ ಆಂಧ್ರ ಊಟ ಹಾಕಿಸಿ. ಪಪ್ಪು, ಪುಡಿ, ತುಪ್ಪ ಕಲಸಿದ ಬಿಸಿ ಅನ್ನದ ಮುಂದೆ ಖಾರ ತಿಂದು ಬೆಳೆದವರೂ ಬೆವರುತ್ತಾರೆ, ಆದರೆ ಎಲೆ ಬಿಟ್ಟು ಏಳೋದಿಲ್ಲ. ದಿಲ್ಲಿ, ಲಕ್ನೋ ಕಡೆಯವರು 'ಸೌತ್ ಇಂಡಿಯನ್ ನಮಗೆ ಗೊತ್ತು' ಅಂತಲೇ ಬಂದಿರುತ್ತಾರೆ. ಅವರಿಗೆ ಗೊತ್ತಿರೋದು ದೋಸೆ, ಇಡ್ಲಿ, ಸಾಂಬಾರು ಮೂರೇ. ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್‌ನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮುಂದಿಟ್ಟರೆ ಕಣ್ಣರಳಿಸುತ್ತಾರೆ.

ವಿದೇಶದಲ್ಲಿ ನೆಲೆಸಿದ ಕನ್ನಡಿಗರ ಕಥೆ ಬೇರೆ. ಅವರಿಗೆ ಹೊಸದು ಬೇಡ. ಓದುವಾಗ ತಿಂದದ್ದು ಹಾಗೇ ಇದೆಯಾ ಅಂತ ನೋಡಬೇಕು, ಅಷ್ಟೇ. 'ನೀವು ಯಾವ ಹೋಟೆಲ್‌ಗೆ ಹೋಗ್ತಿದ್ರಿ?' ಅಂತ ಕೇಳಿಬಿಡಿ, ಅವರೇ ದಾರಿ ತೋರಿಸುತ್ತಾರೆ. ಅಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಖಾರ ಕಮ್ಮಿ ಇರುವ ಖಾಲಿ ದೋಸೆ, ಕೇಸರಿಬಾತ್ ಸಾಕು.

ಕೇಳಲು ಸಂಕೋಚ ಬೇಡ

ನಮ್ಮಲ್ಲಿ 'ಏನಾದ್ರೂ ಸರಿ, ನಮಗೇನೂ ಇಲ್ಲ' ಅನ್ನೋದು ಮರ್ಯಾದೆಯ ಮಾತು. ಅದನ್ನು ನಂಬಬೇಡಿ. ಸೋಮವಾರ ಒಪ್ಪತ್ತು, ಶನಿವಾರ ಮಾಂಸ ಮುಟ್ಟೋದಿಲ್ಲ, ಏಕಾದಶಿ, ಶ್ರಾವಣ, ಈರುಳ್ಳಿ ಬೆಳ್ಳುಳ್ಳಿ ಬೇಡ... ಇವೆಲ್ಲ ಹೋಟೆಲ್‌ನಲ್ಲಿ ಕೂತ ಮೇಲೆ ಹೊರಗೆ ಬರುತ್ತವೆ. ಹಿಂದಿನ ರಾತ್ರಿಯೇ ಮನೆಯ ಹೆಂಗಸರಿಗೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಇನ್ನೊಂದು ಮಂಡಿ ನೋವು. ಬೆಂಗಳೂರಿನ ಒಳ್ಳೇ ತಿಂಡಿಯಲ್ಲಿ ಅರ್ಧ ನಿಂತು ತಿನ್ನೋದು. 1980ರ ದಶಕದಲ್ಲಿ ದರ್ಶಿನಿಗಳು ಬಂದ ಮೇಲಂತೂ ನಿಂತು ತಿನ್ನೋದೇ ಊರಿನ ರೂಢಿ. ನಮಗೆ ಅಭ್ಯಾಸ, ಎಪ್ಪತ್ತು ದಾಟಿದ ಅತ್ತೆಗೆ ಅಲ್ಲ. ಅವರಿದ್ದರೆ ಕೂರಲು ಜಾಗ, ಮೆಟ್ಟಿಲು, ಶೌಚಾಲಯ ಮೂರನ್ನೂ ಮೊದಲೇ ವಿಚಾರಿಸಿ. ಶುಗರ್ ಇರುವವರನ್ನು ಬರೀ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಲ್ಲಿಸಲೇಬೇಡಿ. ಹೊರಡುವ ಮುಂಚೆ ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಕೊಡಿ.

ಬಸವನಗುಡಿಯ ಒಂದು ಬೆಳಿಗ್ಗೆ

ಒಂದೇ ಬೆಳಿಗ್ಗೆ ಕೈಯಲ್ಲಿದೆ ಅಂದರೆ ನಾನು ಇಲ್ಲಿಗೇ ಹೋಗು ಅನ್ನೋದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಸುತ್ತಲಿನ ವಿದ್ಯಾರ್ಥಿಗಳಿಗೆಂದೇ ತೆರೆದ ಹೋಟೆಲ್, ಹೆಸರಲ್ಲೇ ಇದೆ. ಗೋಡೆ ಮೇಲೆ ಸಾಹಿತಿಗಳ ಚಿತ್ರಗಳಿವೆ. ಒಂದೇ ಟೇಬಲ್‌ನಲ್ಲಿ ಅಪರಿಚಿತರ ಜೊತೆ ಕೂರಬೇಕು, ಇದನ್ನು ನೆಂಟರಿಗೆ ಮೊದಲೇ ಹೇಳಿಡಿ.

ಅವರನ್ನು ಅಡುಗೆಮನೆ ಬಾಗಿಲು ಕಾಣುವ ಕಡೆ ಮುಖ ಮಾಡಿ ಕೂರಿಸಿ. ಕಾರಣ ಇದೆ. ಪಂಚೆ ಉಟ್ಟ ಸರ್ವರ್ ಒಳಗಿಂದ ಬರುತ್ತಾರೆ. ಎಡಗೈ ಮೇಲೆ, ಅಂಗೈಯಿಂದ ಭುಜದವರೆಗೆ, ಒಂದರ ಮೇಲೊಂದು ದೋಸೆ ತಟ್ಟೆ. ಬಲಗೈ ಖಾಲಿ. ಟೇಬಲ್‌ಗಳ ನಡುವೆ ಹಾಗೇ ನುಸುಳಿ ಬಂದು ಮೇಲಿನ ತಟ್ಟೆಯಿಂದ ಒಂದೊಂದೇ ತೆಗೆದು ಮುಂದೆ ಇಡುತ್ತಾರೆ. ಒಂದೂ ಅಲುಗೋದಿಲ್ಲ. ಹಿಂದೆಯೇ ಇನ್ನೊಬ್ಬರು ಪಾತ್ರೆಯಲ್ಲಿ ನೀರು ಚಟ್ನಿ ತಂದು ಸುರಿಯುತ್ತಾರೆ. ದೋಸೆ ಕೆಂಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಕ್ಕಳು ದೋಸೆ ಬಿಟ್ಟು ಆ ಕೈಯನ್ನೇ ನೋಡುತ್ತಾ ಕೂರುತ್ತವೆ. ಊರಿಗೆ ಹೋಗಿ ಹೇಳೋದೂ ಅದನ್ನೇ.

ಅಲ್ಲಿ ಹೊಟ್ಟೆ ಪೂರ್ತಿ ತುಂಬಿಸಬೇಡಿ. ಒಬ್ಬರಿಗೆ ಒಂದು ದೋಸೆ, ಅಷ್ಟೇ. ಹೂವಿನ ಅಂಗಡಿ, ಹಣ್ಣಿನ ಅಂಗಡಿ ನೋಡುತ್ತಾ ಶಂಕರಪುರದ ಕಡೆ ನಡೆಯಿರಿ. ಅಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಮೆನು ಓದುವ ಕೆಲಸವೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಮುಗೀತು. ಸಾಂಬಾರು ಇಲ್ಲ. ತಮಿಳುನಾಡಿನಿಂದ ಬಂದವರು ಇದನ್ನು ಕೇಳಿ ಮೊದಲು ಗಾಬರಿಯಾಗುತ್ತಾರೆ. ತಟ್ಟೆ ಹಿಡಿದುಕೊಂಡು ಹೋದಷ್ಟೂ ಸಲ ಚಟ್ನಿ ಹಾಕುತ್ತಾರೆ. ಎರಡನೇ ಸಲ ಚಟ್ನಿಗೆ ಹೋದಾಗ ಸಾಂಬಾರಿನ ಮಾತು ಮರೆತಿರುತ್ತದೆ. ಇಲ್ಲಿ ನಿಂತೇ ತಿನ್ನಬೇಕು, ಹಿರಿಯರಿದ್ದರೆ ಈ ಭಾಗ ಬಿಡಿ.

ಮಲ್ಲೇಶ್ವರ ಹತ್ತಿರ ಆಗುವವರಿಗೆ ಇದೇ ಲೆಕ್ಕ ಅಲ್ಲೂ ನಡೆಯುತ್ತದೆ. ಸಿಟಿಆರ್ ಹೋಟೆಲ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ, ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ, ನಡುವೆ ಎಂಟನೇ ಕ್ರಾಸಿನ ಮಾರುಕಟ್ಟೆ. ಯಾವುದು ಮೇಲು ಅನ್ನೋ ಜಗಳಕ್ಕೆ ನಾನು ಬರೋದಿಲ್ಲ. ಬಸವನಗುಡಿಯವರು, ಮಲ್ಲೇಶ್ವರದವರು ಹೊಡೆದಾಡಿಕೊಳ್ಳಲಿ.

ಮಧ್ಯಾಹ್ನದ ಊಟವೇ ಬೇಕು ಅಂದರೆ

ಲಾಲ್‌ಬಾಗ್ ರಸ್ತೆಯ ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್. ಬೆಳಿಗ್ಗೆ ಲಾಲ್‌ಬಾಗ್ ಸುತ್ತಿಸಿ, 1889ರ ಗಾಜಿನ ಮನೆ ತೋರಿಸಿ, ಹಸಿವು ಮಾಡಿಸಿ ಕರ್ಕೊಂಡು ಬನ್ನಿ. ಬೆಳಿಗ್ಗೆ ಹೆಸರಿಗೆ ಒಂದು ತಿಂಡಿ ಸಾಕು, ಇದು ಗಂಭೀರ ಎಚ್ಚರಿಕೆ. ಇಲ್ಲಿ ಊಟ ಅಂದರೆ ಬಡಿಸುತ್ತಲೇ ಹೋಗೋದು. ಬಿಸಿಬೇಳೆ ಬಾತ್ ಬರುವ ಹೊತ್ತಿಗೆ ಹೊಸಬರು ಊಟ ಮುಗೀತು ಅಂದುಕೊಂಡಿರುತ್ತಾರೆ. ಇನ್ನೂ ಅನ್ನ, ಸಾರು, ಮೊಸರನ್ನ ಬಾಕಿ ಇರುತ್ತದೆ.

ಈ ಹೋಟೆಲ್‌ಗೆ ಒಳ್ಳೇ ಕಥೆಗಳಿವೆ. ಕಾಯುವಾಗ ಹೇಳಲು ಬರುತ್ತವೆ. ಉಡುಪಿ ಕಡೆಯ ಪರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹಾಗೆ. ತುರ್ತುಪರಿಸ್ಥಿತಿ ಸಮಯದಲ್ಲಿ ಸರ್ಕಾರ ತಿಂಡಿಯ ಬೆಲೆ ಕಟ್ಟಿ ಹಾಕಿತು. ಆ ಬೆಲೆಗೆ ಒಳ್ಳೇ ತಿಂಡಿ ಕೊಡಲಾಗದೆ ಹೋಟೆಲ್ ಮುಚ್ಚಬೇಕಾಯಿತು. ಆ ಹೊತ್ತಲ್ಲಿ ಕೆಲಸಗಾರರ ಕೈಗೆ ಕೆಲಸ ಕೊಡಲು ಬೆಳೆದದ್ದೇ ಪುಡಿ, ಮಿಕ್ಸ್‌ಗಳ ವ್ಯಾಪಾರ. ಅಮೆರಿಕದಿಂದ ಬಂದ ನೆಂಟರ ಅಡುಗೆಮನೆಯಲ್ಲಿ ಇರುತ್ತದಲ್ಲ ರವೆ ಇಡ್ಲಿ ಪ್ಯಾಕೆಟ್, ಅದರ ಬೇರು ಇಲ್ಲಿದೆ. ಆ ಪ್ಯಾಕೆಟ್ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲ್ ಮಾತ್ರ ಮಯ್ಯ ಕುಟುಂಬದ ಕೈಯಲ್ಲೇ ಉಳಿಯಿತು. ಇಷ್ಟು ಗೊತ್ತಿದ್ದು ತಿಂದ ಇಡ್ಲಿಗೂ, ಏನೂ ಗೊತ್ತಿಲ್ಲದೆ ತಿಂದ ಇಡ್ಲಿಗೂ ವ್ಯತ್ಯಾಸ ಇದೆ. ಕಥೆ ಮಾತ್ರ ಚಿಕ್ಕದಾಗಿರಲಿ, ನೆಂಟರು ಹಸಿದಿರುತ್ತಾರೆ.

ಮುದ್ದೆ ಹೇಳಿಕೊಡುವ ಕ್ರಮ

ಮಿಲಿಟರಿ ಹೋಟೆಲ್‌ಗೆ ಕರ್ಕೊಂಡು ಹೋಗೋದಾದರೆ, ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಹೆಸರು ಎಲ್ಲರೂ ಕೇಳಿರುತ್ತಾರೆ. ಮಧ್ಯಾಹ್ನ ಬೇಗ ಹೋಗಿ, ತಡವಾದರೆ ಒಂದೊಂದೇ ಐಟಂ ಖಾಲಿ ಅನ್ನುತ್ತಾ ಬರುತ್ತಾರೆ. ಹೈದರಾಬಾದ್ ಕಡೆಯವರಿಗೆ ಮೊದಲೇ ಒಂದು ಮಾತು ಹೇಳಿ: ಇದು ಉದ್ದ ಅಕ್ಕಿಯ ಬಿರಿಯಾನಿ ಅಲ್ಲ. ಸಣ್ಣ ಅಕ್ಕಿ, ಕೊತ್ತಂಬರಿ ಪುದೀನದ ಹಸಿರು ಮಸಾಲೆ. ಹೋಲಿಸದೆ ತಿಂದರೆ ಇಷ್ಟವಾಗುತ್ತದೆ.

ಮುದ್ದೆ ತಿನ್ನದವರ ಮುಂದೆ ಮುದ್ದೆ ಬಂದಾಗ ಅವರು ಚಮಚ ಹುಡುಕುತ್ತಾರೆ, ಇಲ್ಲವೇ ಜಗಿಯಲು ಶುರು ಮಾಡುತ್ತಾರೆ. ಎರಡೂ ತಪ್ಪು. ಬೆರಳಿಗೆ ಸ್ವಲ್ಪ ಸಾರು ಮುಟ್ಟಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಟುತ್ತದೆ. ಗೋಲಿ ಗಾತ್ರದ ತುಂಡು ಮುರಿದು, ಸಾರಿನಲ್ಲಿ ಪೂರ್ತಿ ಅದ್ದಿ, ಬಾಯಿಗೆ ಹಾಕಿ ನುಂಗಬೇಕು. ಹಲ್ಲು ತಾಗಿಸಬಾರದು. ಮೊದಲು ನೀವು ಮಾಡಿ ತೋರಿಸಿ. ಇಬ್ಬರಿಗೆ ಒಂದು ಮುದ್ದೆ ಹೇಳಿ ಶುರು ಮಾಡಿದರೆ ವೇಸ್ಟ್ ಆಗೋದಿಲ್ಲ.

ಒಂದು ಸಂಜೆ

ಸಂಜೆ ಹೊರಗೆ ಹೋಗಲೇಬೇಕು ಅನ್ನುವವರಿಗೆ ಮೂರು ಬಗೆಯ ದಾರಿ ಇದೆ. ಯುವಕರ ಗುಂಪಾದರೆ ವಿ.ವಿ. ಪುರದ ತಿಂಡಿ ಬೀದಿ. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯಲ್ಲಿ ಬಂದವರು ಪುಣ್ಯವಂತರು. ಹಿತಕಿದಬೇಳೆ ಹಾಕಿದ ದೋಸೆ ಬೇರೆ ಕಡೆ ಎಲ್ಲಿ ಸಿಗುತ್ತದೆ? ನೂಕುನುಗ್ಗಲು ಇರುತ್ತದೆ, ಪುಟ್ಟ ಮಕ್ಕಳ ಕೈ ಬಿಡಬೇಡಿ. ಮಾತಾಡುತ್ತಾ ಕೂರುವ ಹಳೇ ಸ್ನೇಹಿತರಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಅಲ್ಲಿ ಊಟಕ್ಕಿಂತ ಕೂರೋದು ಮುಖ್ಯ. ಒಂದು ಕಾಫಿ ಮೇಲೆ ಗಂಟೆಗಟ್ಟಲೆ ಕೂತವರನ್ನು ಯಾರೂ ಏಳಿಸೋದಿಲ್ಲ.

ಕೈ ಸ್ವಲ್ಪ ಬಿಚ್ಚಬಹುದು, ಒಂದೇ ಒಂದು ದೊಡ್ಡ ಊಟ ಹಾಕಿಸಬೇಕು ಅಂದರೆ ರೆಸಿಡೆನ್ಸಿ ರಸ್ತೆಯ ತಾಜ್ ಸಮೂಹದ ಹೋಟೆಲ್‌ನೊಳಗಿನ ಕರಾವಳಿ ರೆಸ್ಟೋರೆಂಟ್. 1990ರಿಂದ ಇದೆ. ಗೋವಾದಿಂದ ಕೇರಳದವರೆಗಿನ ಕರಾವಳಿ ಮನೆಗಳ ಅಡುಗೆ ಮಾಡುತ್ತಾರೆ. ಮರದ ಕೆಳಗಿನ ಟೇಬಲ್ ಕೇಳಿ ಮೊದಲೇ ಬುಕ್ ಮಾಡಿ. ದುಬಾರಿ, ನಿಜ. ಆದರೆ ಮಾಲ್‌ನಲ್ಲಿ ಎರಡು ಸಲ ಬಫೆಗೆ ಸುರಿಯುವ ದುಡ್ಡನ್ನು ಇಲ್ಲಿ ಒಂದು ಸಲ ಕೊಡೋದು ವಾಸಿ ಅನ್ನೋದು ನನ್ನ ಮತ.

ಎತ್ತರದ ಕಟ್ಟಡದ ಮೇಲಿನ ರೂಫ್‌ಟಾಪ್‌ಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಮೇಲಿಂದ ಕಾಣೋದು ಹೊರ ವರ್ತುಲ ರಸ್ತೆಯ ಕೆಂಪು ದೀಪಗಳು. ಕೆಳಗೆ ಆ ದೀಪಗಳ ನಡುವೆ ಕೂತು ಬಂದವರಿಗೆ ಮತ್ತೆ ಅದನ್ನೇ ಯಾಕೆ ತೋರಿಸೋದು? ಹಾಡಿನ ಸದ್ದಿಗೆ ಮಾತೂ ಕೇಳಿಸೋದಿಲ್ಲ.

ಹೊರಡುವ ಮುಂಚೆ

ರಜೆ ನೋಡಿ. ಹಳೇ ಹೋಟೆಲ್‌ಗಳಿಗೆ ವಾರದ ರಜೆ ಇರುತ್ತದೆ, ಅದೂ ಒಂದೊಂದಕ್ಕೆ ಒಂದೊಂದು ದಿನ. ಲಾಲ್‌ಬಾಗ್ ರಸ್ತೆ ಎಂಟಿಆರ್‌ಗೆ ಸೋಮವಾರ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಮಧ್ಯಾಹ್ನ ಕೆಲವು ಹೊತ್ತು ಬಾಗಿಲು ಹಾಕೋದೂ ಉಂಟು. ಹಬ್ಬದ ದಿನ ಫೋನ್ ಮಾಡದೆ ಹೊರಡಬೇಡಿ. ಹೋಟೆಲ್ ಇದೆಯೋ ಇಲ್ಲವೋ ಅಂತಲೂ ನೋಡಿಕೊಳ್ಳಿ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಲ್ಲಿನ ಬಟನ್ ಇಡ್ಲಿ ಬಗ್ಗೆ ಊರಲ್ಲಿ ಹೇಳಿಟ್ಟು ಆಮೇಲೆ ಬಂದು ಬಾಗಿಲು ನೋಡಿದವರು ಎಷ್ಟು ಜನವೋ.

ಸಂಖ್ಯೆಯೂ ಮುಖ್ಯ. ನಾಲ್ಕು ಜನರಿಗೆ ಜಾಗ ಸಿಗುತ್ತದೆ, ಹತ್ತು ಜನರಿಗೆ ಒಟ್ಟಿಗೆ ಸಿಗೋದಿಲ್ಲ. ದೊಡ್ಡ ಗುಂಪಾದರೆ ಎರಡು ಭಾಗ ಮಾಡಿ, ಹಿರಿಯರು ಮತ್ತು ಮಕ್ಕಳು ಮೊದಲ ಪಂಕ್ತಿ. ಇಲ್ಲದಿದ್ದರೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲ್‌ನಂಥ ಕಡೆ ಹೋಗಿ, ಮರಗಳ ಕೆಳಗೆ ಕುರ್ಚಿ ಎಳೆದುಕೊಂಡು ಎಷ್ಟು ಜನ ಬೇಕಾದರೂ ಕೂರಬಹುದು.

ಟೇಬಲ್ ಮೇಲೆ

ಎಲ್ಲರೂ ಒಂದೊಂದು ಮಸಾಲೆ ದೋಸೆ ಹೇಳೋದು ಬೇಡ. ನಾಲ್ಕು ಜನರಿದ್ದರೆ ಎರಡು ದೋಸೆ, ಒಂದು ಇಡ್ಲಿ ವಡೆ, ಒಂದು ಚೌಚೌ ಬಾತ್. ಖಾರಾಬಾತ್ ಕೇಸರಿಬಾತ್ ಒಂದೇ ತಟ್ಟೆಯಲ್ಲಿ ಬಂದಾಗ ಉತ್ತರದವರು ಯಾವುದನ್ನು ಮೊದಲು ತಿನ್ನೋದು ಅಂತ ಕೇಳುತ್ತಾರೆ. ಒಂದು ಚಮಚ ಅದು, ಒಂದು ಚಮಚ ಇದು ಅಂತ ಹೇಳಿ. ಕೊನೆಗೆ ಬೈ ಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡೋದು ಬೇರೆ ಊರಿನವರಿಗೆ ಮೋಜು. 'ಇದಕ್ಕೆ ಹೋಟೆಲ್‌ನವರು ಬೈಯೋದಿಲ್ವಾ?' ಅಂತಾರೆ. ಅವರ ಕೈಯಲ್ಲೇ ಒಂದು ಸಲ ಆರ್ಡರ್ ಮಾಡಿಸಿ.

ಬಿಲ್ಲಿನ ಜಗಳ ಬೇರೆ ಇದ್ದೇ ಇರುತ್ತದೆ. ಮಾವ ಜೇಬಿಗೆ ಕೈ ಹಾಕುತ್ತಾರೆ, ನೀವು ಕೈ ಹಿಡಿಯುತ್ತೀರಿ, ಸರ್ವರ್ ನಡುವೆ ನಿಂತಿರುತ್ತಾರೆ. ಕೈ ತೊಳೆಯಲು ಎದ್ದಾಗಲೇ ಕೌಂಟರ್‌ನಲ್ಲಿ ಕೊಟ್ಟು ಬಂದುಬಿಡಿ. ಅವರಿಗೆ ಬೇಜಾರಾದರೆ ಕಾಫಿ ದುಡ್ಡು ಅವರೇ ಕೊಡಲಿ. ಫೋನ್ ಪಾವತಿ ಕೈ ಕೊಡುವ ದಿನಕ್ಕೆ ಸ್ವಲ್ಪ ಚಿಲ್ಲರೆ ಇರಲಿ.

ಊರಿಗೆ ಹೊರಡುವವರ ಕೈಗೆ ದೋಸೆ ಪಾರ್ಸೆಲ್ ಕಟ್ಟಿಸಬೇಡಿ, ರೈಲು ಹತ್ತುವಷ್ಟರಲ್ಲಿ ಅದು ರಬ್ಬರ್ ಆಗಿರುತ್ತದೆ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಎದುರೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಿಂದ ಕಾಲು ಕಿಲೋ ಕಾಫಿ ಪುಡಿ ಕೊಡಿಸಿ. ಫಿಲ್ಟರ್‌ಗೆ ಅಂತ ಹೇಳಿದರೆ ಆ ಹದಕ್ಕೆ ಪುಡಿ ಮಾಡುತ್ತಾರೆ. ಚಿಕೋರಿ ಎಷ್ಟು ಅಂತ ಕೇಳಿದರೆ ಹೊಸಬರಿಗೆ 80 ಕಾಫಿಗೆ 20 ಚಿಕೋರಿ ಅನ್ನಿ. ಮನೆಯಲ್ಲಿ ಫಿಲ್ಟರ್ ಇಲ್ಲದವರಿಗೆ ಪಕ್ಕದ ಪಾತ್ರೆ ಅಂಗಡಿಯಲ್ಲಿ ಸಣ್ಣ ಸ್ಟೀಲ್ ಫಿಲ್ಟರ್ ಒಂದನ್ನು ಜೊತೆಗೆ ಹಾಕಿ.